ಫೋನಿನಲ್ಲಿ ಹೇಳಬೇಕಾದ ಹೆಸರು

ಕಡ್ಡಿರಾಂಪುರದಲ್ಲಿ ಬಾಡಿಗೆಗಿದ್ದಾಗ ನಾನು ಊಟಕ್ಕೆ ಹೋಗುತ್ತಿದ್ದ ಖಾನಾವಳಿಯಲ್ಲಿ ರಷ್ಯನ್ ಮಾತು ಮೊದಲೇ ಒಂದಿಷ್ಟು ಇತ್ತು. ಚಳಿಗಾಲದಲ್ಲಿ ಹಂಪಿಗೆ ಬಂದ ರಷ್ಯನ್ನರು ರೊಟ್ಟಿ ತಿಂದು ‘ಸ್ಪಸೀಬಾ’ ಎಂದು ಧನ್ಯವಾದ ಹೇಳಿದರೆ, ಖಾನಾವಳಿಯಾಕೆ ಒಲೆಯ ಮುಂದಿನಿಂದಲೇ “ಸ್ಪಸೀಬಾ ರೀ, ಇನ್ನೊಂದು ಹಾಕ್ಲೇನು?” ಎನ್ನುತ್ತಿದ್ದಳು. ಆಕೆ ಕಂಪ್ಲಿಯವಳು. ಗಂಡ ಬಂಡ್ರಿಯವನು, ಸಂಡೂರಿನ ಗಣಿಗಳಲ್ಲಿ ಟಿಪ್ಪರ್ ಓಡಿಸಿ ಬಿಟ್ಟವನು. ಗಿರಾಕಿಗಳಿಂದ ಕಲಿತ ನಾಲ್ಕು ಮಾತಿನ ಧೈರ್ಯದಲ್ಲಿ ಅವನು ಏಜೆಂಟನೊಬ್ಬನನ್ನು ಹಿಡಿದು ರಷ್ಯಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ.

ಮೇಲಿಂದ ಬಿದ್ದು ಆಸ್ಪತ್ರೆ ಸೇರಿದ್ದಾನೆ ಎಂದು ಜೊತೆಗಾರನೊಬ್ಬ ಫೋನು ಮಾಡಿ, ಆಸ್ಪತ್ರೆಯ ನಂಬರು ಕೊಟ್ಟ. ಆಮೇಲೆ ಅವನೂ ಸಿಗಲಿಲ್ಲ. ವಿಶ್ವವಿದ್ಯಾಲಯದಲ್ಲಿದ್ದಾಗ ನಾನು ಸಂಜೆ ತರಗತಿಯಲ್ಲಿ ರಷ್ಯನ್ ಕಲಿಯತೊಡಗಿ, ಬೇರೆ ಹಲವು ಕೆಲಸಗಳಂತೆ ಅದನ್ನೂ ಅರ್ಧಕ್ಕೆ ಬಿಟ್ಟಿದ್ದೆ. ಆ ನಂಬರಿಗೆ ಮೊದಲು ಫೋನು ಮಾಡಿದ್ದು ನಾನೇ. ಹೊರಗಿನವರಿಗೆ ಹೇಳುವುದಿಲ್ಲ, ಹೆಂಡತಿಯೇ ಮಾತಾಡಲಿ ಎಂದು ಆ ಕಡೆಯ ಹೆಂಗಸು ಫೋನಿಟ್ಟಳು. ಮೊಬೈಲಿನ ಅನುವಾದದ ದನಿ ಕೇಳಿಸಿದಾಗಲೂ ಇಟ್ಟಳು.

ಹಾಗಾಗಿ ಹೇಳಿಕೊಡಲು ಕುಳಿತೆ. ಮಧ್ಯಾಹ್ನದ ಊಟದವರು ಹೋಗಿದ್ದರು, ಆಕೆಯ ಕೈಯಲ್ಲಿನ್ನೂ ಹಿಟ್ಟಿತ್ತು. ನಮಸ್ಕಾರಕ್ಕೆ ‘ಜ್ದ್ರಾಸ್ತ್ವುಯ್ತೆ.’

“ಇದನ್ನ ಹೇಳಿ ಮುಗಿಸೋದ್ರಾಗ ಬಂದ ಮಂದಿ ಉಂಡು ಎದ್ದು ಹೋಗಿರ್ತಾರ ಬಿಡ್ರಿ ಅಣ್ಣಾರ,” ಅಂದಳು.

ಗಂಡ ಎಂಬುದಕ್ಕೆ ‘ಮುಶ್.’ ಆಕೆಯ ಬಾಯಲ್ಲಿ ಕೊನೆಗೊಂದು ಉಕಾರ ಅಂಟಿಕೊಂಡು ‘ಮುಶ್ಶು’ ಆಗುತ್ತಿತ್ತು. ಸುದ್ದಿ ಕೇಳಿ ಬಂಡ್ರಿಯಿಂದ ಬಂದು ಬಾಗಿಲಲ್ಲಿ ಕೂತಿದ್ದ ಆಕೆಯ ಭಾವ, ಗಂಡನ ಅಣ್ಣ, “ಗಂಡನ್ನ ಕೇಳ್ತಿಯೋ ಬೆಕ್ಕು ಕರಿತಿಯೋ ಯವ್ವಾ?” ಎಂದ. ಮೂವರೂ ನಕ್ಕೆವು. ಜೀವಂತ ಎಂಬುದಕ್ಕೆ ‘ಝಿಫ್.’ ಅದಕ್ಕೆ ಹೊತ್ತು ಹಿಡಿಯಿತು. ಸತ್ತ ಎಂಬ ಮಾತನ್ನು ನಾನು ಹೇಳಿಕೊಡಲಿಲ್ಲ.

ಎಲ್ಲ ಬಂತು, ಗಂಡನ ಹೆಸರೊಂದು ಬಿಟ್ಟು. ರೇಷನ್ ಅಂಗಡಿಯಲ್ಲಿ ಅದನ್ನು ಮಗಳ ಬಾಯಲ್ಲಿ ಹೇಳಿಸುತ್ತಿದ್ದಳು, ಬ್ಯಾಂಕಿನಲ್ಲಿ ಕಾರ್ಡು ತೋರಿಸುತ್ತಿದ್ದಳು. ಮದುವೆಯ ದಿನ ಒಡಪಿನ ಪದ್ಯದಲ್ಲಿ ಕಟ್ಟಿ ಹೇಳಿದ್ದೇ ಕೊನೆ. ಮಗಳು ಈಗ ಹೊಸಪೇಟೆಯ ಹಾಸ್ಟೆಲಿನಲ್ಲಿದ್ದಳು.

“ನನ್ನ ಬಾಯಾಗ ಅವರ ಹೆಸರು ಬ್ಯಾಡ್ರಿ. ಆಯುಷ್ಯ ಕಡಿಮಿ ಆಗ್ತೈತಿ. ಈಗಂತೂ ಬ್ಯಾಡೇ ಬ್ಯಾಡ.”

“ಹೆಸರಿಗೂ ಉಸಿರಿಗೂ ಏನು ಸಂಬಂಧ, ತಂಗಿ?” ಎಂದೆ. ಆಕೆ ಕೈಯ ಹಿಟ್ಟು ಒರೆಸಿಕೊಂಡಳು.

ಫೋನನ್ನು ಸ್ಟೀಲ್ ಡಬ್ಬಿಯ ಮೇಲಿಟ್ಟು ಸ್ಪೀಕರ್ ಹಾಕಿದೆವು. ಆಕೆ ನಮಸ್ಕಾರ ಹೇಳಿದಳು, ತಾನು ಹೆಂಡತಿ ಎಂದಳು, ‘ಮೊಯ್ ಮುಶ್ ಝಿಫ್?’ ಎಂದು ಕೇಳಿದಳು. ನನ್ನ ಗಂಡ ಜೀವಂತವಿದ್ದಾನೆಯೇ? ಒಂದು ಉಕಾರವೂ ಅಂಟಿರಲಿಲ್ಲ. ಆ ಕಡೆಯಿಂದ ‘ಫಮೀಲಿಯ? ಈಮ್ಯ?’ ಎಂದು ಬಂತು. ಮನೆತನದ ಹೆಸರು, ಅವನ ಹೆಸರು. ಆಕೆ ಸೆರಗಿನ ತುದಿ ಬಾಯಿಗೊತ್ತಿಕೊಂಡಳು. ಅದೇ ಹೆಂಗಸು ಮತ್ತೆ ಕೇಳಿದಳು. ಆಮೇಲೆ ಅವನ ಹೆಸರು ಕೇಳಿಸಿತು. ಕಾಗದ ಸರಿದ ಸದ್ದು. ‘ಊಮೆರ್.’

“ಊಮೆರ್,” ಆಕೆ ನನ್ನ ಕಡೆ ತಿರುಗಿ ಹಾಗೆಯೇ ಹೇಳಿದಳು, ನಾನು ಎಂದೂ ಹೇಳಲಾರದಷ್ಟು ಸರಿಯಾಗಿ. “ಇದನ್ನ ನೀವು ಹೇಳಿಕೊಡ್ಲೇ ಇಲ್ಲಲ್ರೀ. ಏನಿದು?”

ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು.

ತಿಂಗಳುಗಳ ಮೇಲೆ ಖಾನಾವಳಿ ಮತ್ತೆ ತೆರೆಯಿತು. ಬಡಿಸುತ್ತಾ ಆಕೆ ಕೇಳಿದಳು, “ಅವತ್ತು ಹೆಸರು ಹೇಳಿದ್ದು ಯಾರ್ರಿ ಅಣ್ಣಾರ? ನನಗ ನೆಪ್ಪಿಲ್ಲ. ಭಾವಗ ಕೇಳಿದ್ರ ನನಗೇನೂ ಕೇಳಿಸ್ಲಿಲ್ಲ ಅಂತಾರ.”

ಹೆಸರು ಹೇಳುವ ಮೊದಲೇ ಅವನು ಸತ್ತಿದ್ದ, ಕಾಗದದಲ್ಲಿ ಬರೆದಾಗಿತ್ತು ಎಂದು ವಿವರಿಸಿದೆ. ಆಕೆ ಕೇಳಿದ್ದು ಅದನ್ನಲ್ಲ. “ನಾನು ಹೇಳಿದ್ದು,” ಎಂದೆ.

ನನಗೆ ಆ ನೆನಪು ಇದೆ. ಡಬ್ಬಿಯ ಕಡೆ ಬಾಗಿದ್ದು, ಅದರ ಅಂಚು ಗದ್ದಕ್ಕೆ ತಣ್ಣಗೆ ತಾಗಿದ್ದು. ಆದರೆ ಆಕೆ ಕೇಳುವ ಮೊದಲು ಈ ನೆನಪು ಇತ್ತೇ? ಇರಲಿಲ್ಲವೆಂದೇ ತೋರುತ್ತದೆ. ಕೇಳಿದ ಮೇಲೆ ಬೇಕಾದದ್ದನ್ನು ಮನಸ್ಸು ಹೊಲಿದುಕೊಟ್ಟಿರಬಹುದು. ಆಗ ಕೇಳಿಸಿದ ದನಿಯನ್ನು ನೆನೆಯಲು ಹೋದರೆ ಹೆಸರಷ್ಟೇ ಇದೆ, ದನಿ ಇಲ್ಲ.

ಆಮೇಲೂ ಆಕೆ ಕೇಳುತ್ತಿದ್ದಳು, ನಾನು ಅದನ್ನೇ ಹೇಳುತ್ತಿದ್ದೆ. ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು.

“ಗಂಡಸರ ದನಿ ಕೇಳಿದ್ರ ಆಸ್ಪತ್ರಿ ಆಕಿ ಫೋನ್ ಇಡ್ತಿದ್ಲಲ್ರೀ.”

ಅದು ನನಗೆ ಎಂದೋ ಹೊಳೆದಿತ್ತು. ಆಕೆ ಹಂಚಿನ ಮೇಲಿನ ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿದಳು.

“ಉಣ್ರಿ,” ಅಂದಳು. “ಆರ್ತೈತಿ.”