ಮೂವತ್ತನೆಯ ಮನೆ ಹುಡುಕುವ ಸುಮಿತ್ರಕ್ಕ

ದೆಹಲಿಯ ದ್ವಾರಕಾ ಬಡಾವಣೆಯ ಮಂಜು ಇನ್ನೂ ಕರಗಿಲ್ಲ. ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಎರಡು ಕಾರುಗಳ ನಡುವೆ ಚಾಪೆ ಹಾಸಿಕೊಂಡು ಸುಮಿತ್ರಾ ಕಾಫಿಪುಡಿಯ ಪೊಟ್ಟಣಗಳನ್ನು ಮನೆವಾರು ಜೋಡಿಸುತ್ತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್, ಕಿವಿಗೆ ಮಫ್ಲರ್. ಕೈ ಪೊಟ್ಟಣಗಳ ಮೇಲಿದ್ದರೂ ಕಣ್ಣು ಫೋನಿನ ಮೇಲಿದೆ. ಅಲ್ಲಿ ಇಪ್ಪತ್ತೇಳು ಎಂಬ ಅಂಕಿ ಅಲುಗಾಡದೆ ಕುಳಿತಿದೆ.

ಅದು ಮೂವತ್ತಾಗಬೇಕು, ಬೆಳಗಿನ ಏಳು ಗಂಟೆಯೊಳಗೆ. ಗಂಗಾವತಿ ಕಡೆಯ ಒಂದು ಸಣ್ಣ ಗಿರಣಿ, ಮನೆಗಳು ಗುಂಪಾಗಿ ಸಾಮಾನು ಕೊಳ್ಳುವ ಆ್ಯಪಿನಲ್ಲಿ ಸೋನಾ ಮಸೂರಿ ಅಕ್ಕಿಯನ್ನು ಸಗಟು ದರಕ್ಕೆ ಕೊಡಲು ಒಪ್ಪಿದೆ. ಷರತ್ತು ಒಂದೇ: ಮೂವತ್ತು ಮನೆಗಳು ಒಟ್ಟಾಗಿ ಕೇಳಬೇಕು. ಒಂದು ಮನೆ ಕಡಿಮೆಯಾದರೂ ಗುಂಪು ತಾನಾಗಿ ರದ್ದಾಗುತ್ತದೆ.

ಪಕ್ಕದಲ್ಲಿ ನಿಂತಿರುವ ಗುಂಡಣ್ಣನ ಕಣ್ಣೂ ಅದೇ ಅಂಕಿಯ ಮೇಲಿದೆ. ಸೊಸೈಟಿಯ ಗೇಟಿನಾಚೆ ಅವರದೊಂದು ಪುಟ್ಟ ದಿನಸಿ ಅಂಗಡಿ. ಗುಂಪಿನ ಸರಕು ಬಂದಿಳಿಯುವುದು ಅಲ್ಲೇ. ಅಕ್ಕಿ ಒಯ್ಯಲು ಬಂದವರು ಇಂಗು, ಹಪ್ಪಳ, ರಾಗಿಹಿಟ್ಟನ್ನೂ ಕೊಳ್ಳುತ್ತಾರೆ, ಅದರಿಂದಲೇ ಅಂಗಡಿ ಉಸಿರಾಡುತ್ತದೆ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ತರುವ ಹುಡುಗರು ಬಂದ ಮೇಲೆ ಬಿಡಿ ಗಿರಾಕಿಗಳು ಕರಗಿಹೋಗಿದ್ದಾರೆ. ಕಳೆದೆರಡು ಸಲ ಅಕ್ಕಿಯ ಗುಂಪು ತುಂಬಲಿಲ್ಲ. ಈ ಸಲವೂ ತುಂಬದಿದ್ದರೆ ಶಟರ್ ಎಳೆದು ಅಣ್ಣನ ಕ್ಯಾಂಟೀನಿಗೆ ಸೇರಿಕೊಳ್ಳುವುದಾಗಿ ಗುಂಡಣ್ಣ ಹೇಳಿಬಿಟ್ಟಿದ್ದಾರೆ.

ಸುಮಿತ್ರಾ ಚಿತ್ರದುರ್ಗದವರು. ಗಂಡ ಇಂದುಶೇಖರ ಸಚಿವಾಲಯವೊಂದರಲ್ಲಿ ಗುಮಾಸ್ತರು. ಮದುವೆಯಾಗಿ ದೆಹಲಿಗೆ ಬಂದಾಗ ಹಿಂದಿಯ ಒಂದಕ್ಷರವೂ ಬಾರದು. ತರಕಾರಿ ಭಯ್ಯಾ ಏನು ಕೇಳಿದರೂ ಬೆರಳು ತೋರಿಸಿ ಕೊಂಡು ಬರುತ್ತಿದ್ದರು. "ಎಷ್ಟೋ ವರ್ಷ ನನ್ನ ದನಿ ನನಗೇ ಮರೆತುಹೋಗಿತ್ತು" ಎನ್ನುತ್ತಾರೆ. ಆ ವರ್ಷಗಳೇ ಈಗ ಅವರ ಬಂಡವಾಳವೇನೋ. ಗುಂಪಿನಲ್ಲಿ 'ಬೇಕು' ಎಂದವರ ಲೆಕ್ಕವನ್ನು ಫೋನು ಇಡುತ್ತದೆ. ಏನೂ ಹೇಳದವರ ಲೆಕ್ಕ ಸುಮಿತ್ರಾ ಅವರದು.

"ಸುಮ್ಮನಿರೋರಲ್ಲಿ ಬೇಡ ಅನ್ನೋರು ಕಡಿಮೆ. ಒಬ್ಬರಿಗೆ ಮಂಡಿನೋವು, ಇಳಿದು ಬರೋಕಾಗಲ್ಲ. ಒಂಟಿಯಾಗಿರೋರಿಗೆ ಒಂದು ಮೂಟೆ ಜಾಸ್ತಿ, ಅರ್ಧ ಕೊಡಿ ಅನ್ನೋಕೆ ಸಂಕೋಚ. ಅಂಥ ಎರಡು ಮನೆ ಸೇರಿಸಿ ಒಂದು ಪಾಲು ಮಾಡ್ತೀನಿ. ಅಕ್ಕಿ ಹಂಚಿಕೊಳ್ಳೋಕೆ ಹೋದವರು ಟೀ ಕುಡಿದೇ ಬರ್ತಾರೆ."

ಚುಚ್ಚುಮಾತುಗಳಿಗೂ ಬರವಿಲ್ಲ. ಲಿಫ್ಟಿನಲ್ಲಿ ಒಬ್ಬರು, "ಸುಮಿತ್ರಾಜೀ, ಕಮಿಷನ್ ಕಿತ್ನಾ?" ಎಂದು ಕೆಣಕಿದ್ದರಂತೆ. "ನಿಮ್ಮನೆ ಚಾಯ್ ಅಂದೆ. ಅವತ್ತಿಂದ ಅವರೂ ಗುಂಪಲ್ಲಿದ್ದಾರೆ, ಚಾಯೂ ಕೊಡ್ತಾರೆ" ಎಂದು ನಗುತ್ತಾರೆ. ಆ್ಯಪ್ ಕೊಡುವ ಚೂರುಪಾರು ರಿಯಾಯಿತಿ ಅವರ ಮನೆಯ ಅಕ್ಕಿಗೇ ಸರಿಹೋಗುತ್ತದೆ.

"ಮೂರು ಮನೆ ಕಡಿಮೆ ಬಿತ್ತಲ್ಲಕ್ಕಾ" ಎನ್ನುತ್ತಾರೆ ಗುಂಡಣ್ಣ.

"ಮನೋರಮಕ್ಕ ಯಾಕೆ ಸೇರಿಲ್ಲ? ಮೂರು ಹೊತ್ತೂ ಅನ್ನ ಉಣ್ಣೋ ಮನೆ ಅದು!" ಸುಮಿತ್ರಾ ಫೋನಿನ ಪಟ್ಟಿಯ ಮೇಲೆ ಬೆರಳಾಡಿಸುತ್ತಾರೆ.

ಅಷ್ಟರಲ್ಲಿ ಮಗಳು ಮಯೂರಿ ಕೊರಳಿಗೆ ಆಫೀಸಿನ ಐಡಿ ಕಾರ್ಡ್ ಹಾಕಿಕೊಂಡು ಕೆಳಗಿಳಿಯುತ್ತಾಳೆ. ಗುರುಗ್ರಾಮದಲ್ಲಿ ಕೆಲಸ. ಆ್ಯಪಿನಲ್ಲಿ ಹೆಸರು ಸೇರಿಸುವುದು, ತೆಗೆಯುವುದು ಅವಳ ಪಾಲಿನ ಕೆಲಸ.

"ಮನೋರಮಾ ಆಂಟಿ ಮನಾ ಕರ್ ದಿಯಾ ಅಮ್ಮ, ಬೇಡ ಅಂದ್ರು. 'ಅಕ್ಕಿ ಹೆಚ್ಚಾಗಿದೆ' ಅಂತ ಮೆಸೇಜ್ ಹಾಕಿದ್ರು. ಜ್ಯಾದಾ ಇದ್ರೆ ಮತ್ತೆ ಯಾಕೆ ಅಂತ ನಾನೇ ನೇಮ್ ತೆಗೆದೆ. ಇನ್ನೂ ಇಬ್ರು ಆಂಟೀಸ್ ಸೇಮ್ ಬರೆದಿದ್ರು."

ಸುಮಿತ್ರಾ ಅರೆಕ್ಷಣ ಮಗಳನ್ನೇ ನೋಡುತ್ತಾರೆ. ಮರುಕ್ಷಣ ಹೊಟ್ಟೆ ಹಿಡಿದುಕೊಂಡು ನಗುತ್ತ ಚಾಪೆಯ ಮೇಲೆ ಕುಸಿಯುತ್ತಾರೆ.

"ಅಯ್ಯೋ ಮಂಕೇ! ಹೆಚ್ಚಾಗಿದೆ ಅಂದ್ರೆ ಡಬ್ಬದ ತಳ ಕಾಣ್ತಿದೆ ಅಂತ ಕಣೇ!"

"ವಾಟ್? ತೋ ಸೀದಾ ಮುಗೀತು ಅಂತ ಹೇಳಬೇಕು ನಾ!"

"ಅಕ್ಕಿ, ಅರಿಶಿನ, ಕುಂಕುಮ ಮುಗೀತು ಅನ್ನಬಾರದು. ಮನೇಲಿ ಯಾವತ್ತೂ ಇಲ್ಲ ಅನ್ನಬಾರದು ಅಂತ ಹಾಗೆ ಹೇಳೋದು."

"ಆ ಮಾತೇ ಇವತ್ತು ನನ್ನಂಗಡಿಗೆ ಬೀಗ ಹಾಕಿಸ್ತಿತ್ತಲ್ಲವ್ವಾ!" ಎಂದು ಗುಂಡಣ್ಣನೂ ನಗುತ್ತಾರೆ. ಆದರೆ ಅವರ ಕಣ್ಣು ಗಡಿಯಾರದ ಮೇಲಿದೆ.

ಫೋನು ಎತ್ತಿದ ಮನೋರಮಾ ಅವರ ದನಿ ಪಾರ್ಕಿಂಗಿನ ತುಂಬ ಕೇಳಿಸುತ್ತದೆ. "ಹೆಚ್ಚಾಗಿದೆ ಅಂತ ಮೊನ್ನೆನೇ ಹೇಳಿದೆನಲ್ಲೇ! ಇವರಿಗೆ ಎರಡು ದಿನದಿಂದ ಉಪ್ಪಿಟ್ಟು. ಇವತ್ತೂ ಅದೇ ಆದ್ರೆ ನನ್ನನ್ನೇ ಊರಿಗೆ ಕಳಿಸ್ತಾರೆ!" ಎರಡನೆಯ ಮನೆಯವರೂ ಹೂಂ ಎನ್ನುತ್ತಾರೆ; ಮಯೂರಿ ಎರಡೂ ಹೆಸರು ಮತ್ತೆ ಸೇರಿಸುತ್ತಾಳೆ. ಮೂರನೆಯವರ ಫೋನು ರಿಂಗಾಗುತ್ತಲೇ ಇದೆ. ಮಯೂರಿ ಬ್ಯಾಗನ್ನು ಅಮ್ಮನ ಮಡಿಲಿಗೆ ಎಸೆದು ಮೆಟ್ಟಿಲು ಹತ್ತಿ ಓಡುತ್ತಾಳೆ. ಲಿಫ್ಟಿಗೆ ಕಾಯುವಷ್ಟು ಹೊತ್ತಿಲ್ಲ.

 ಕೆಳಗೆ ಸುಮಿತ್ರಾ, ಗುಂಡಣ್ಣ ಇಬ್ಬರೂ ಒಂದೇ ಪರದೆಯತ್ತ ಬಾಗಿದ್ದಾರೆ. ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತೇ. ಆಮೇಲೆ ಅಂಕಿ ಮೂವತ್ತಾಗಿ ಅದರ ಸುತ್ತ ಹಸಿರು ಮೂಡುತ್ತದೆ. ಮೇಲಿನ ಬಾಲ್ಕನಿಯಿಂದ ಮಯೂರಿ ಕೂಗುತ್ತಾಳೆ: "ಹೋ ಗಯಾ ಅಮ್ಮಾ! ಆಂಟಿ ಸ್ನಾನಕ್ಕೆ ಹೋಗಿದ್ರು!" ಹೊರಗೆ ಅವಳ ಮೆಟ್ರೋ ಹೊರಟುಹೋಗಿದೆ. ಅವಳಿಗೆ ಅದರ ಪರಿವೆಯೇ ಇದ್ದಂತಿಲ್ಲ.

ಗುಂಡಣ್ಣ ಮುಖ ತಿರುಗಿಸಿ ಮೂಗೊರೆಸಿಕೊಳ್ಳುತ್ತಾರೆ. "ಚಳಿ" ಎಂದು ತಾವೇ ಕಾರಣ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ಗೇಟಿನಾಚೆ ಶಟರ್ ಮೇಲೇಳುವ ಸದ್ದು ಕೇಳಿಬರುತ್ತದೆ.

ಇನ್ನೇನು ಆಸೆ ಎಂದು ಕೇಳಿದರೆ ಸುಮಿತ್ರಾ ಚಾಪೆ ಸುತ್ತುತ್ತ ಹೇಳುತ್ತಾರೆ: "ಗುಂಡಣ್ಣನ ಅಂಗಡಿ ಮುಂದೆ ಉದ್ದಕ್ಕೆ ಕ್ಯೂ ಇರಬೇಕು. ನಾನು ಎಲ್ಲರಿಗಿಂತ ಹಿಂದೆ ನಿಂತು, 'ಎಷ್ಟು ಹೊತ್ತಪ್ಪಾ ಇವನದು' ಅಂತ ಬೈಬೇಕು. ಅಷ್ಟೇ."