ಮಾದಯ್ಯನವರ ಬಾಯಲ್ಲಿದ್ದ ‘ಬುದ್ದಿ’

ಬದನಗುಪ್ಪೆಯ ಕಾರ್ಖಾನೆಗಳ ಎದುರಿನ ಟೀ ಅಂಗಡಿಯಲ್ಲಿ ಮೊನ್ನೆ ಆ ಮಾತು ಕಿವಿಗೆ ಬಿತ್ತು. ಪಾಳಿ ಮುಗಿಸಿ ಬಂದ ಹುಡುಗನೊಬ್ಬ ಬೈಕಿನ ಮೇಲೆ ಕೂತಿದ್ದ ಗೆಳೆಯನ ಬೆನ್ನಿಗೆ ಗುದ್ದಿ, “ಏನ್ ಬುದ್ದೀ, ಟೀ ಕುಡ್ಯನ ಬನ್ನಿ” ಎಂದ. ಇಬ್ಬರೂ ಗೊಳ್ಳೆಂದು ನಕ್ಕರು. ಅವರಿಗೆ ಅದೊಂದು ತಮಾಷೆ. ನಾನು ಮಾತ್ರ ಟೀ ಲೋಟ ಕೆಳಗಿಟ್ಟೆ. ಆ ಕೂಗಿನ ಹಿಂದೆಯೇ ಬೇಯುವ ಅರಿಶಿನದ ಘಾಟು, ಹಸಿ ಸೌದೆಯ ಹೊಗೆ, ನೆಂದ ಗೋಣಿಚೀಲದ ವಾಸನೆ ಎಲ್ಲ ಒಟ್ಟಿಗೆ ಬಂದು, ಬೇಗೂರಿನ ಹತ್ತಿರ ಇದ್ದ ನಮ್ಮ ಮನೆಯ ಹಿತ್ತಲು ಕಣ್ಣೆದುರು ನಿಂತಿತು.

ಆ ಮನೆ ಈಗಿಲ್ಲ. ಅಣ್ಣತಮ್ಮಂದಿರಲ್ಲಿ ಪಾಲಾಗಿ, ಮಿಕ್ಕಿದ್ದು ರಸ್ತೆ ಅಗಲ ಮಾಡುವಾಗ ಹೋಯಿತು. ಅಲ್ಲಿ ನಮ್ಮ ಹೊಲ ನೋಡಿಕೊಳ್ಳುತ್ತಿದ್ದವರು ಮಾದಯ್ಯ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬದುವಿನುದ್ದಕ್ಕೂ ನಡೆಯುತ್ತಿದ್ದರು. ಒಮ್ಮೆ ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿಗೆ ಕರೆದೊಯ್ದು ಆನೆ ತೋರಿಸಿದ್ದರು. ನಾನು ಹೆದರಿ ಅವರ ತಲೆಗೂದಲು ಕಿತ್ತು ಹೋಗುವಂತೆ ಹಿಡಿದಿದ್ದೆ. “ನಾ ಇವ್ನಿ ಬುದ್ದಿ, ಎದ್ರುಕೋಬ್ಯಾಡಿ” ಎಂದರೇ ಹೊರತು ಕೈ ಬಿಡಿಸಲಿಲ್ಲ. ನನಗಾಗ ಎಂಟು ವರ್ಷ, ಅವರಿಗೆ ನಲವತ್ತೈದು ದಾಟಿತ್ತು. ಆದರೂ ನಾನು “ಬಾರೋ ಮಾದಯ್ಯ” ಎನ್ನುತ್ತಿದ್ದೆ, ಅವರು “ಬಂದೆ ಬುದ್ದಿ” ಎನ್ನುತ್ತಿದ್ದರು. ಅದು ನನ್ನದೇ ಇನ್ನೊಂದು ಹೆಸರು ಎಂದು ನಾನು ತಿಳಿದಿದ್ದೆ.

ಮುಂದೆ ನಾನು ಕನ್ನಡ ಮೇಷ್ಟ್ರಾದೆ. ಬುದ್ಧಿ ಎಂದರೆ ಅರಿವು, ವಿವೇಕ ಎಂದು ಮಕ್ಕಳಿಗೆ ಹೇಳಿಕೊಟ್ಟೆ. ಬುದ್ಧಿ ಹೇಳುವುದು ಬೇರೆ, ಬುದ್ಧಿ ಕಲಿಸುವುದು ಬೇರೆ ಎಂದು ನಗಿಸಿದೆ. ನಮ್ಮ ಕಡೆ ಮಠದ ಸ್ವಾಮಿಗಳನ್ನು ‘ಬುದ್ದಿ’ ಎಂದೇ ಮಾತಾಡಿಸುತ್ತಾರೆ. ಅರಿವು ಹೇಳುವವರೇ ಬುದ್ದಿಯಾದರು. ಆಮೇಲೆ ಆ ಮಾತು ಮೆಲ್ಲಗೆ ಜಾರಿ, ಅರಿವಿರಲಿ ಬಿಡಲಿ, ಜಮೀನಿದ್ದವರಿಗೆಲ್ಲ ಅಂಟಿಕೊಂಡಿರಬೇಕು ಎಂಬುದು ನನ್ನ ಊಹೆ. ಕೊನೆಕೊನೆಗೆ ಅದು ತಲೆ ತಗ್ಗಿಸಿದವನ ‘ಹೂಂ’ ಅಷ್ಟೇ ಆಗಿತ್ತು. ಇಷ್ಟನ್ನೂ ತರಗತಿಯಲ್ಲಿ ಹೇಳಬಲ್ಲೆ. ಆದರೆ ಆ ಮಾತನ್ನು ನಾನು ಒಬ್ಬನ ಬಾಯಿಗೆ ತುರುಕಿದ ಕತೆಯನ್ನು ಯಾವ ತರಗತಿಯಲ್ಲೂ ಹೇಳಿದವನಲ್ಲ.

ಮಾದಯ್ಯನವರ ಮಗ ಸಿದ್ದರಾಜು ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಅವನು ನನ್ನನ್ನು ಬುದ್ದಿ ಎನ್ನದೆ, ಹೆಸರು ಹಿಡಿದು ಬರೀ ‘ಗುರು’ ಎನ್ನುತ್ತಿದ್ದ. ಲೆಕ್ಕದಲ್ಲಿ ಅವನು ಮುಂದು, ಮರ ಹತ್ತುವುದರಲ್ಲಿ ನಾನು. ಅದೊಂದು ದಿನ ಹಿತ್ತಲಲ್ಲಿ ಅರಿಶಿನ ಬೇಯಿಸುತ್ತಿದ್ದರು. ಚಾಮರಾಜನಗರದಿಂದ ನೆಂಟರು ಬಂದಿದ್ದರು. ಅಪ್ಪನಿಗೆ ನೆರವಾಗಲು ಬಂದಿದ್ದ ಸಿದ್ದರಾಜು ಕೊಪ್ಪರಿಗೆಯಿಂದ ಒಂದು ಕೊಂಬು ಎತ್ತಿ, ಕಡ್ಡಿ ಚುಚ್ಚಿ ನೋಡಿ, ಖುಷಿಯಿಂದ ಕೂಗಿದ: “ಲೋ ಗುರು, ಬಾಲಾ ಇಲ್ಲಿ, ಬೆಂದದ ನೋಡು!”

ನೆಂಟರ ಹುಡುಗನೊಬ್ಬ ನಕ್ಕ. “ಏನ್ಲಾ, ಆಳುಮಗ ನಿನ್ನ ಹೆಸ್ರು ಹಿಡ್ದು ಕೂಗ್ತಾನಲ್ಲ!”

ನನ್ನ ಮುಖಕ್ಕೆ ರಕ್ತ ನುಗ್ಗಿತು. ಸಿದ್ದರಾಜುವಿನ ಮುಂದೆ ಹೋಗಿ ನಿಂತು ಹೇಳಿದೆ: “ನಿಮ್ಮಪ್ಪ ನನ್ನ ಏನಂತ ಕೂಗ್ತಾನೆ? ನೀನೂ ಅಂಗೇ ಕೂಗು.”

ಅಪ್ಪ, ಅಜ್ಜಿ ಇಬ್ಬರೂ ಜಗಲಿಯ ಮೇಲಿದ್ದರು. ಸುಮ್ಮನಿರೋ ಎಂದು ಯಾರೂ ಅನ್ನಲಿಲ್ಲ. ಮಾದಯ್ಯ ಕೈಯಲ್ಲಿದ್ದ ಮಂಕರಿ ಬುಟ್ಟಿ ಕೆಳಗಿಟ್ಟು ಮಗನ ಹತ್ತಿರ ಬಂದರು. “ಅನ್ನು ಮಗ, ಬುದ್ದಿ ಅನ್ನು” ಎಂದರು. ಅವನು ನೆಲ ನೋಡುತ್ತಿದ್ದ. “ಅಂದ್ಬುಡು ಮಗ” ಎಂದು ಎರಡನೇ ಸಲ ಹೇಳುವಾಗ ಅವರ ದನಿ ಒಡೆಯಿತು. ಅವನು ತಲೆಯೆತ್ತಿ, ನನ್ನನ್ನೇ ನೋಡುತ್ತ, “ಬುದ್ದಿ” ಎಂದ. ನಾನು ಗೆದ್ದಿದ್ದೆ. ನೆಂಟರ ಹುಡುಗನ ಕಡೆ ತಿರುಗಿ ನಕ್ಕೆ.

ಅದಾದ ಮೇಲೆ ಅವನು ನನ್ನನ್ನು ಗುರು ಎಂದೂ ಕರೆಯಲಿಲ್ಲ, ಬುದ್ದಿ ಎಂದೂ ಕರೆಯಲಿಲ್ಲ. ನನ್ನ ಹತ್ತಿರ ಏನಾದರೂ ಬೇಕಾದರೆ ಎದುರಿಗೆ ಬಂದು ನಿಲ್ಲುತ್ತಿದ್ದ, ನಾನು ತಲೆಯೆತ್ತುವವರೆಗೂ ಕಾಯುತ್ತಿದ್ದ. ಮುಂದಿನ ವರ್ಷ ಗುಂಡ್ಲುಪೇಟೆಯ ಹಾಸ್ಟೆಲ್ ಸೇರಿ ಊರು ಬಿಟ್ಟ. ನಾನೂ ಹುಡುಕಿ ಹೋಗಲಿಲ್ಲ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ; ಮರೆತವನಂತೆ ಬದುಕುವುದು ನನಗೆ ಸುಲಭವಾಗಿತ್ತು.

ಟೀ ಅಂಗಡಿಯಿಂದ ಬಂದ ಮಾರನೆಯ ದಿನ, ಅವರಿವರನ್ನು ಕೇಳಿ ವಿಳಾಸ ಹಿಡಿದು, ಚಾಮರಾಜನಗರದಲ್ಲಿದ್ದ ಸಿದ್ದರಾಜುವಿನ ಮನೆಗೆ ಹೋದೆ. ಅವನು ಸರ್ಕಾರಿ ಕೆಲಸದಿಂದ ನಿವೃತ್ತನಾಗಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ಒಳಗೆ ಕರೆದ, ಕಾಫಿ ಕೊಟ್ಟ. ನಾನು ತಡವರಿಸುತ್ತ ಎಲ್ಲವನ್ನೂ ಹೇಳಿ, “ತಪ್ಪಾಯ್ತು ಸಿದ್ದರಾಜು” ಎಂದೆ.

ಅವನು ಹೇಳಿದ: “ಅಪ್ಪ ಅವತ್ತು ನಮ್ಮ ಅಟ್ಟಿಗೆ ಬಂದವ್ರು ಉಣ್ಣಲಿಲ್ಲ. ‘ನಿನ್ನ ಬಾಯಲ್ಲಿ ಆ ಮಾತು ಬರ್ಬಾರ್ದು ಅಂತ್ಲೇ ಇಸ್ಕೂಲ್ಗೆ ಆಕ್ದೆ ಕಣ್ ಮಗ, ನಾನೇ ಅನ್ನಿಸ್ಬುಟ್ಟೆ’ ಅಂತ ಅತ್ಬುಟ್ರು. ಸಾಯಗಂಟ ಅದ ನೆನಸ್ಕಂಡು ನನ್ನ ತಾವ ತಪ್ಪಾಯ್ತು ಅಂತಿದ್ರು.”

ನನ್ನ ತಪ್ಪನ್ನು ಮಾದಯ್ಯ ತಮ್ಮದೆಂದು ಹೊತ್ತು, ಜೀವನವಿಡೀ ಮಗನ ಕ್ಷಮೆ ಕೇಳಿದ್ದರು. ಕೇಳಬೇಕಾಗಿದ್ದ ನಾನು ಬರುವಷ್ಟರಲ್ಲಿ ಅವರೇ ಇರಲಿಲ್ಲ. ಅವರ ಫೋಟೋ ಇದೆಯೇ ಎಂದೆ. ಸಿದ್ದರಾಜು ಬೀರುವಿನಿಂದ ಒಂದು ಹಳೆಯ ಗುರುತಿನ ಚೀಟಿ ತಂದು ನನ್ನ ಅಂಗೈಯಲ್ಲಿಟ್ಟ. ಮಾಸಿದ, ಹೆಬ್ಬೆರಳಗಲದ ಚಿತ್ರ. ಅದರಲ್ಲಿ ಮಾದಯ್ಯ ಕತ್ತು ನೆಟ್ಟಗಿಟ್ಟುಕೊಂಡು ನೇರವಾಗಿ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಅವರು ಒಂದು ದಿನವೂ ಯಾರನ್ನೂ ಹಾಗೆ ನೋಡಿದ್ದು ನನಗೆ ನೆನಪಿಲ್ಲ.