ಬುತ್ತಿ ಚೀಲದ ಸಿರಪ್

ಅಪ್ಪ ಒಂದು ಹನಿ ಸರಾಯಿ ಮುಟ್ಟಿದವರಲ್ಲ. ಆದರೂ ಲಿವರ್ ಗಟ್ಟಿಯಾಗಿದೆ ಎಂದು ಗೊತ್ತಾದ ಕೂಡಲೇ ಬೇಗಂ ಬಜಾರಿನಲ್ಲಿದ್ದ ನಮ್ಮ ಕಡೆಯವರೆಲ್ಲ, "ಭಾಳ ಕುಡೀತಿದ್ರೇನ್ರಿ?" ಎಂದು ನನ್ನನ್ನೇ ಕೇಳಿದರು. ಯಾವಾಗಲೋ ಹತ್ತಿದ ಕಾಮಾಲೆಯ ವೈರಸ್ ವರ್ಷಗಟ್ಟಲೆ ಒಳಗೇ ಕೂತು ತಿಂದಿದೆ ಎಂದು ಹೇಳಿ ಹೇಳಿ ರೋಸಿಹೋದೆ.

ಡಾಕ್ಟರು ಒಂದು ಸಿಹಿ ಸಿರಪ್ ಬರೆದುಕೊಟ್ಟಿದ್ದರು. ಅದರಿಂದ ದಿನಕ್ಕೆ ಎರಡು ಮೂರು ಸಲ ಮಲ ಹೋಗಿ ಹೊಟ್ಟೆ ಖಾಲಿಯಾಗಲೇಬೇಕು, ಇಲ್ಲದಿದ್ದರೆ ಲಿವರ್ ತೊಳೆಯಲಾರದ ವಿಷ ತಲೆಗೇರುತ್ತದೆ ಎಂದಿದ್ದರು. ಮಧ್ಯಾಹ್ನದ ಬುತ್ತಿಯ ಜೊತೆ ನಾನೇ ಅದನ್ನು ಒಯ್ದು ಕುಡಿಸುತ್ತಿದ್ದೆ. ಆದರೆ ನಮ್ಮ ಮಸಾಲೆ ಅಂಗಡಿಗೆ ಪಾಯಖಾನೆಯಿಲ್ಲ. ಎರಡು ಗಲ್ಲಿ ದಾಟಬೇಕು. ಒಂದು ದಿನ ಅಪ್ಪ ದಾರಿಯಲ್ಲೇ ಧೋತರ ಕೆಡಿಸಿಕೊಂಡರು. ಮರುದಿನ ನನ್ನ ಕೈ ಹಿಡಿದು, "ಅದನ್ನ ಕೊಡಬ್ಯಾಡವಾ, ಮಾನ ಹೋಗತೈತಿ," ಎಂದರು.

ಮೂರು ದಿನ ಕೊಡಲಿಲ್ಲ. ಅಪ್ಪನ ಮಾನ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ, ದಡ್ಡಿ.

ನಾಲ್ಕನೆಯ ಮಧ್ಯಾಹ್ನ ಹೋದಾಗ ಅಪ್ಪ ಖಾಲಿ ತಕ್ಕಡಿ ಹಿಡಿದು ತೂಗುತ್ತಿದ್ದರು. ಕೈ ನಡುಗುತ್ತಿತ್ತು. "ಅಪ್ಪಾ," ಎಂದೆ. ಗಿರಾಕಿಗಳ ಜೊತೆ ಹಿಂದಿ, ನನ್ನ ಜೊತೆ ಕನ್ನಡ. ಅದನ್ನು ಅವರು ಎಂದೂ ತಪ್ಪಿದವರಲ್ಲ. ತಲೆಯೆತ್ತಿ ನನ್ನನ್ನು ನೋಡಿ, ಏನು ಬೇಕೆಂದು ಬಹಳ ಮರ್ಯಾದೆಯಿಂದ ಕೇಳಿದರು:

"ಕ್ಯಾ ಹೋನಾ ಅಮ್ಮಾ?"

ಚೀಲದಲ್ಲೇ ಉಳಿದಿದ್ದ ಬಾಟಲಿಯನ್ನು ಬಿಚ್ಚಿ ಬಾಯಿಗೆ ಹಿಡಿದೆ. ಗುರುತಿಲ್ಲದ ಗಿರಾಕಿ ಕೊಟ್ಟದ್ದನ್ನು ಯಾರು ಕುಡಿಯುತ್ತಾರೆ? ಅಪ್ಪ ತುಟಿ ಬಿಗಿದುಕೊಂಡರು.